ಓಣಿಯಿಂದ ದೇವರ ಮನೆಗೆ ಎಷ್ಟು ಮೀಟರು

ವಾಡೆಯ ಒಳಗೆ ಎಮ್ಮೆಗೆ ಪ್ರವೇಶವಿತ್ತು. ಹುಲಿಗೆಮ್ಮನಿಗೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನಲ್ಲಿ ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ.

ನಮ್ಮದು ಆರ್ಕಿಟೆಕ್ಚರ್ ಕಾಲೇಜು. ಮಾರ್ಗದರ್ಶಕರು ಗೋವಿಂದರಾಜ ಸರ್. ಕೈಮಗ್ಗದ ಜುಬ್ಬಾ, ಕುತ್ತಿಗೆಯಲ್ಲಿ ದಾರಕ್ಕೆ ನೇತಾಡುವ ಕನ್ನಡಕ. ಅವರ ಬಾಯಲ್ಲಿ ಎರಡು ಮಾತಿಗೊಮ್ಮೆ 'ಪರಂಪರೆ' ಬರುತ್ತಿತ್ತು, ನಡುವೆ ಉಳಿದ ಜಾಗದಲ್ಲಿ 'ಸ್ಥಳೀಯತೆ'. "ಗಾಜಿನ ಡಬ್ಬಿ ಕಟ್ಟಬೇಡಿ. ನಿಮ್ಮ ಊರಿಗೆ ಹೋಗಿ. ಕಲ್ಲಿಗೆ ಕಿವಿಗೊಡಿ. ಕಲ್ಲು ಮಾತಾಡುತ್ತದೆ" ಎನ್ನುತ್ತಿದ್ದರು. ಸರ್ ಅವರ ಸ್ವಂತ ಮನೆಗೆ ಮುಂದಿನಿಂದ ಹಿಂದಿನತನಕ ಗಾಜು. ಅಲ್ಲಿ ಕಲ್ಲಿಗೆ ಮಾತಾಡುವ ಅವಕಾಶ ಸಿಕ್ಕಿರಲಿಲ್ಲ.

ಯಲಬುರ್ಗಾ ತಾಲೂಕಿನ ಒಂದು ಊರಲ್ಲಿ ಪ್ರಭುರಾಜ ದೇಸಾಯರ ವಾಡೆ, ಹಳೆಯ ಕಾಲದ ದೊಡ್ಡ ಕಲ್ಲಿನ ಮನೆ, ಇದೆ. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಪಕ್ಕದ ಊರವರು 'ನಮ್ಮಲ್ಲೂ ವಾಡೆ ಐತಿ, ನಮ್ಮನ್ಯಾಕ ಬಿಟ್ಟಿ' ಎಂದು ಬೇಸರ ಮಾಡಿಕೊಂಡಾರು. ಈ ವಾಡೆಯನ್ನು ಹೋಂಸ್ಟೇ ಮಾಡಬೇಕೆಂದು ದೇಸಾಯರ ಆಸೆ. ಹಂಪಿಗೆ ಬಂದ ಪ್ರವಾಸಿಗಳು ದಾರಿ ತಪ್ಪಿಯಾದರೂ ಇಲ್ಲಿಗೆ ಬರುತ್ತಾರೆಂದು ಅವರು ನಂಬಿದ್ದರು. ನಮ್ಮ ಕೆಲಸ ಎರಡು. ಮೊದಲು ವಾಡೆಯನ್ನು ಇದ್ದಂತೆ ಅಳೆದು ಪ್ರತಿಯೊಬ್ಬರೂ ತಮ್ಮ ಕೈಯಾರೆ ನಕ್ಷೆ ಬರೆಯಬೇಕು. ಆಮೇಲೆ ಅದರ ಮೇಲೆ ಹೋಂಸ್ಟೇ ವಿನ್ಯಾಸ ಮಾಡಬೇಕು. ನಕ್ಷೆ ಪೂರ್ತಿ ಇಲ್ಲದಿದ್ದರೆ ಫೇಲು. ಫೇಲಾದರೆ ಒಂದು ವರ್ಷ ಹೋಯಿತು, ಹುಲಿಗೆಮ್ಮನ ಮಟ್ಟಿಗೆ ಹಾಸ್ಟೆಲ್ಲಿನ ಸೀಟೂ ಹೋಯಿತು. ಹಾಸ್ಟೆಲ್ ಹೋದರೆ ಓದೂ ಹೋಯಿತು.

ಆ ವಾಡೆ ಹುಲಿಗೆಮ್ಮನ ಊರಿನದು. ಸರ್ ಹಿಗ್ಗಿದ್ದೇ ಅದಕ್ಕೆ. "ನಿನ್ನ ಬೇರು ಅಲ್ಲಿದೆ ಹುಲಿಗೆಮ್ಮ! ನಿನ್ನ ತಂಡಕ್ಕೆ ನೀನೇ ಲೀಡರ್."

ಬೇರು ಇತ್ತು. ಬಾಗಿಲು ಇರಲಿಲ್ಲ.

ತಂಡದಲ್ಲಿ ಮೂವರು. ಲೀಡರ್ ಹುಲಿಗೆಮ್ಮ, ಗಂಗಾವತಿಯ ಐಶ್ವರ್ಯ, ಮತ್ತು ನಾನು, ಕೊಪ್ಪಳದ ಸಬೀನಾ. ನಮ್ಮ ಅಬ್ಬಾ ಗಾದಿ ತುಂಬುವವರು. ನಾವು ಹೋದಾಗ ದೇಸಾಯರು ಬಾಗಿಲಲ್ಲೇ ನಿಂತು ಕೈಮುಗಿದರು. ಬಿಳಿ ಅಂಗಿ, ಅಗಲ ನಗು.

"ಬರ್ರಿ ಬರ್ರಿ. ವಿದ್ಯಾರ್ಥಿಗಳಂದ್ರ ನಮಗ ದೇವರಿದ್ದಂಗ."

ಆಮೇಲೆ ದೇವರುಗಳನ್ನು ಒಂದೊಂದಾಗಿ ವಿಚಾರಿಸಿಕೊಂಡರು.

"ನೀ ಯಾರ ಪೈಕಿ, ತಂಗಿ?"

"ಗಂಗಾವತಿ ರೀ. ನಮ್ಮಪ್ಪಾರದು ಅಕ್ಕಿ ಗಿರಣಿ ಐತ್ರಿ" ಎಂದಳು ಐಶ್ವರ್ಯ. ಅಡ್ಡಹೆಸರೂ ಹೇಳಿದಳು.

"ಹಂಗಾರ ನಮ್ಮವರ ಆದ್ರಿ! ನಡಿ ಒಳಗ, ಅವ್ವಾರು ಅದಾರ. ನೀ ಯಾರವಾ?"

"ಸಬೀನಾ ರೀ. ಕೊಪ್ಪಳ."

"ಓಹೋ. ಛಲೋ ಆತು. ಪಡಸಾಲಿಗೆ ಬಾ, ಅಲ್ಲಿ ಗಾಳಿ ಭಾಳ ಛಲೋ ಬರ್ತೈತಿ."

ನನಗೆ ಒಳಗಿನ ಗಾಳಿ ಆಗಿಬರುವುದಿಲ್ಲ ಎಂದು ತಿಳಿಯಿತು.

ಹುಲಿಗೆಮ್ಮನನ್ನು ಏನೂ ಕೇಳಲಿಲ್ಲ. ಗೊತ್ತಿತ್ತು. "ಕಳಕಮ್ಮನ ಮೊಮ್ಮಗಳಲ್ಲೇನ? ಭಾಳ ಓದಾಕತ್ತೀಯಂತ. ಊರಿಗೇ ಹೆಮ್ಮಿ ನೋಡು. ಕುಂದ್ರು, ಕುಂದ್ರು" ಎಂದು ಕೈ ತೋರಿಸಿದರು.

ಕೈ ತೋರಿಸಿದ್ದು ಬಾಗಿಲ ಹೊರಗಿನ ಕಟ್ಟೆಗೆ. ಅಲ್ಲಿ ಎರಡು ಕಟ್ಟೆಗಳಿವೆ. ಬಲಗಡೆಯದು ಎತ್ತರ, ನುಣುಪು ಕಲ್ಲು, ಕೂತವರ ಕಾಲು ನೆಲಕ್ಕೆ ತಾಗುವುದಿಲ್ಲ. ಎಡಗಡೆಯದು ಗಿಡ್ಡ, ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಅದರ ಮೇಲೆ ಗೋಡೆಯಲ್ಲೊಂದು ಸಣ್ಣ ಮಾಡ. ಮಾಡದಲ್ಲಿ ಬೋರಲು ಹಾಕಿದ ಎರಡು ಅಲ್ಯುಮಿನಿಯಂ ಲೋಟ. ಆ ಲೋಟದಲ್ಲಿ ಕುಡಿದವರೇ ತೊಳೆದು ಅಲ್ಲಿಯೇ ಇಡಬೇಕು. ಹೋಂಸ್ಟೇ ತಯಾರಿಯ ಉತ್ಸಾಹದಲ್ಲಿ ದೇಸಾಯರು ಮಾಡದ ಮೇಲೊಂದು ಹೊಸ ಬೋರ್ಡು ಬರೆಸಿದ್ದರು: 'ಪಾರಂಪರಿಕ ಸ್ವಾಗತ ಕಟ್ಟೆ'.

ಹುಲಿಗೆಮ್ಮ ಬೋರ್ಡು ಓದಿದಳು. ಕೂತಳು. "ನಮ್ಮ ಆಯಿ ನಲವತ್ತು ವರ್ಷದಿಂದ ಸ್ವಾಗತ ಮಾಡಿಸಿಕೊಳ್ಳಾಕತ್ತಾಳ. ಪಾಪ, ಅಕಿಗೇ ಗೊತ್ತಿಲ್ಲ" ಎಂದಳು. ನನಗೆ ನಗು ಬಂತು. ಅವಳಿಗೂ ಬಂತು. ಆ ದಿನ ಶುರುವಾದ ನಗು ಮುಂದೆ ನಮ್ಮ ಹಿಡಿತಕ್ಕೆ ಸಿಗಲಿಲ್ಲ.

ಆಯಿ ಅಂದರೆ ಅಜ್ಜಿ, ಕಳಕಮ್ಮ. ವಾಡೆಯ ಸಗಣಿ ಹೊರುವವಳು. ಎಮ್ಮೆಗಳು ಬಾಗಿಲ ಒಳಗಿನ ಅಂಕಣದಲ್ಲಿ ಇರುತ್ತವೆ. ಆಳು ಸಗಣಿಯನ್ನು ಬಳಿದು ಹೊಸ್ತಿಲ ಹೊರಗೆ ತಂದು ಸುರಿಯುತ್ತಾನೆ. ಅಲ್ಲಿಂದ ಮುಂದೆ ಕಳಕಮ್ಮನದು. ಬುಟ್ಟಿ ತುಂಬುವುದು, ತಲೆಗೆ ಏರಿಸುವುದು, ತಿಪ್ಪೆಗೆ ಸುರಿಯುವುದು, ಮತ್ತೆ ಬರುವುದು. ಕುತ್ತಿಗೆ ಭುಜದೊಳಗೆ ಇಳಿದುಹೋಗಿದೆ. ಹಿಮ್ಮಡಿ ಬಿರುಕಿನಲ್ಲಿ ಸಗಣಿ ಒಣಗಿ ಕೂತಿದೆ, ಯಾವ ಸೋಪಿಗೂ ಹೋಗುವುದಿಲ್ಲ.

ವಾಡೆ ಅಳೆಯುವುದು ಸುಲಭ. ಓಣಿಯಿಂದ ದೇವರ ಮನೆಯತನಕ ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿವೆ. ಒಂದೊಂದು ಬಾಗಿಲಿಗೆ ಒಂದೊಂದು ಮೆಟ್ಟಿಲು ಮೇಲೆ. ದನದ ಅಂಕಣ, ಅಂಗಳ, ಪಡಸಾಲಿ, ನಡುಮನೆ, ದೇವರ ಮನೆ. ಎಲ್ಲಿ ಯಾರು ನಿಲ್ಲಬೇಕೆಂದು ಕಟ್ಟಿದವನು ಕಲ್ಲಿನಲ್ಲೇ ಹೇಳಿ ಹೋಗಿದ್ದ. ಸರ್ ಹೇಳಿದ್ದು ಸುಳ್ಳಲ್ಲ, ಕಲ್ಲು ಮಾತಾಡುತ್ತದೆ.

ನಮ್ಮ ಹತ್ತಿರ ಮೂವತ್ತು ಮೀಟರಿನ ಹಳದಿ ಟೇಪಿತ್ತು. ಸೊನ್ನೆಯ ತುದಿ ಹುಲಿಗೆಮ್ಮನ ಕೈಯಲ್ಲಿ, ಹೊರಗೆ. ನಡುವೆ ಪಡಸಾಲಿ ಕಂಬಕ್ಕೆ ನಾನು. ಇನ್ನೊಂದು ತುದಿ ಹಿಡಿದು ಐಶ್ವರ್ಯ ಒಳಗೆ, ಇನ್ನೂ ಒಳಗೆ. ಐಶ್ವರ್ಯ ಅಂಕಿ ಕೂಗುತ್ತಾಳೆ, ನಾನು ಅದನ್ನೇ ಮತ್ತೆ ಕೂಗುತ್ತೇನೆ, ಹುಲಿಗೆಮ್ಮ ಬರೆದುಕೊಳ್ಳುತ್ತಾಳೆ. ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ದೇಸಾಯರ ತಾಯಿ ಅವ್ವಾರು ಮಡಿಯಲ್ಲಿ ಬಂದು ಟೇಪಿನ ಎದುರು ನಿಂತರು.

"ಇದೇನವಾ, ಹಾವಿನಂಗ?"

"ಟೇಪು ರೀ ಅವ್ವಾರ. ಅಳತಿ" ಎಂದಳು ಐಶ್ವರ್ಯ.

"ಆ ಕಡಿ ತುದಿ ಎಲ್ಲೈತಿ?"

"ಹೊರಗ ರೀ. ಹುಲಿಗೆಮ್ಮ ಹಿಡಕೊಂಡಾಳ."

ಅವ್ವಾರು ಒಂದು ಹೆಜ್ಜೆ ಹಿಂದೆ ಸರಿದರು. ಬುದ್ಧಿವಂತ ಹೆಂಗಸು. ಗದರಲಿಲ್ಲ, ಕೂಗಾಡಲಿಲ್ಲ, ಲೆಕ್ಕ ಹಾಕಿದರು. "ಇದನ್ನ ಯಾತರಾಗ ಮಾಡ್ಯಾರ?"

"ಗಾಜಿನ ನಾರು ರೀ."

ಇಲ್ಲಿ ಎಲ್ಲರೂ ಸಿಕ್ಕಿಕೊಂಡರು. ರೇಷ್ಮೆಯಾದರೆ ಮೈಲಿಗೆ ಹರಿಯುವುದಿಲ್ಲ, ಹತ್ತಿಯಾದರೆ ಹರಿಯುತ್ತದೆ, ಉಣ್ಣೆಯಾದರೆ ಚಿಂತೆಯಿಲ್ಲ. ಗಾಜಿನ ನಾರಿನ ಬಗ್ಗೆ ಹಿರಿಯರು ಏನೂ ಹೇಳಿ ಹೋಗಿರಲಿಲ್ಲ. ದೇಸಾಯರು ಮಠದ ಐನೋರಿಗೆ ಫೋನು ಹಚ್ಚಿದರು. ಐನೋರು ಲೌಡ್‌ಸ್ಪೀಕರಿನಲ್ಲಿ ಬಹಳ ಹೊತ್ತು ಕೆಮ್ಮಿ, "ನಾರು ಅಂದ ಮ್ಯಾಲೆ ನಾರ ರೀ" ಎಂದರು. ತೀರ್ಪಾಯಿತು. ಟೇಪಿನ ಉದ್ದಕ್ಕೂ ಗೋಮೂತ್ರ ಚಿಮುಕಿಸಿದರು. ನಾನು ನಡುವೆ ನಿಂತಿದ್ದೆನಲ್ಲ, ನನ್ನ ದುಪಟ್ಟಾಕ್ಕೂ ಪುಕ್ಕಟೆ ಬಿತ್ತು. ಹುಲಿಗೆಮ್ಮ ಹೊರಗಿನಿಂದ ಕೂಗಿದಳು: "ಸಬೀನಾ, ನೀನೂ ಶುದ್ಧ ಆದ್ಯೇನ ಬೇ?"

"ಅರ್ಧ ಆಗೀನಿ. ಬಲಗಡಿ ಅಷ್ಟ!"

ವಾಪಸು ಬರುವಾಗ ಬಸ್ಸಿನಲ್ಲಿ ಐಶ್ವರ್ಯ ಮುಖ ಸಣ್ಣದು ಮಾಡಿ ಕೂತಿದ್ದಳು. ಕುಕನೂರು ದಾಟಿದ ಮೇಲೆ ಒಮ್ಮೆಲೇ ಎದ್ದಳು. "ನಮ್ಮಪ್ಪ ಲೇಸರ್ ಮೀಟರ್ ತರಿಸಿಕೊಟ್ಟಾನಲ್ಲ! ಅದಕ್ಕ ನಾರೂ ಇಲ್ಲ, ಹುರಿನೂ ಇಲ್ಲ. ಬರೇ ಬೆಳಕು!"

ಮರುದಿನ ದೇಸಾಯರಿಗೆ ಆ ಯಂತ್ರ ತೋರಿಸಿದೆವು. ಅಂಗೈಯಗಲ ಇದೆ. ಗುಂಡಿ ಒತ್ತಿದರೆ ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ, ಪರದೆಯ ಮೇಲೆ ದೂರ ಬರುತ್ತದೆ.

"ಮುಟ್ಟಂಗೇ ಇಲ್ಲ?"

"ಇಲ್ರಿ."

"ಬರೇ ಬೆಳಕ?"

"ಹೌದ್ರಿ."

ದೇಸಾಯರು ತೊಡೆ ತಟ್ಟಿದರು. "ವಿಜ್ಞಾನ ಎಷ್ಟ ಮುಂದ ಹೋಗೇತಿ ನೋಡ್ರಿ! ಇದನ್ನ ನಿನ್ನೆನ ತರಬಾರದಾಗಿತ್ತ?" ವಿಜ್ಞಾನ ಕೊನೆಗೂ ನಮ್ಮ ಜಿಲ್ಲೆಯ ಒಂದು ನಿಜವಾದ ಸಮಸ್ಯೆಗೆ ಪರಿಹಾರ ಕಂಡುಹಿಡಿದಿತ್ತು.

ಬೆಳಗಿನ ಪೂಜೆಯ ಹೊತ್ತು. ದೇವರ ಮನೆ ಕತ್ತಲು, ಒಂದೇ ಹಣತೆ. ಹುಲಿಗೆಮ್ಮ ಗಿಡ್ಡ ಕಟ್ಟೆಯ ಪಕ್ಕ, ಓಣಿಯಲ್ಲೇ ನಿಂತು ಗುಂಡಿ ಒತ್ತಿದಳು. ಬೆಳಕು ಹೊರಟಿತು. ಅದು ಯಾರನ್ನೂ ಕೇಳಲಿಲ್ಲ. ಎಮ್ಮೆ ದಾಟಿತು. ಅಂಗಳ ದಾಟಿತು. ಪಡಸಾಲಿಯಲ್ಲಿ ಕೂತ ದೇಸಾಯರ ಬಿಳಿ ಅಂಗಿಯ ತೋಳನ್ನು ಸವರಿತು. ನಡುಮನೆಯ ಹೊಸ್ತಿಲು ಹಾರಿತು. ಸೀದಾ ಹೋಗಿ ದೇವರ ಬೆಳ್ಳಿ ಮುಖದ ಹಣೆಯ ಮೇಲೆ ಕೂತಿತು.

ಅವ್ವಾರು ಕಣ್ಣುಮುಚ್ಚಿ ಮಂತ್ರ ಹೇಳುತ್ತಿದ್ದರು. ಕಣ್ಣು ತೆರೆದರು. ದೇವರ ಹಣೆಯಲ್ಲಿ ತಾವು ಹಚ್ಚದ ಕುಂಕುಮ.

"ಪ್ರಭೂ! ಏ ಪ್ರಭೂ! ಓಡಿ ಬಾರೋ! ದೇವರು ಕಣ್ಣು ಬಿಟ್ಟಾನ!"

ದೇಸಾಯರು ಓಡಿದರು. ಆಳು ಓಡಿದ. ಅಡುಗೆಯವಳು ಹಿಟ್ಟಿನ ಕೈಯಲ್ಲೇ ಓಡಿದಳು. ಯಾರೋ ಗಂಟೆ ಬಾರಿಸಿದರು. ಐಶ್ವರ್ಯ ದೇವರ ಮನೆಯ ಬಾಗಿಲಲ್ಲೇ ನಿಂತಿದ್ದಳು, ಅವಳಿಗೆ ಗೊತ್ತಿತ್ತು, ಬಾಯಿಗೆ ಓಢಣಿ ತುರುಕಿಕೊಂಡಿದ್ದಳು. ನಾನು ಕಂಬ ತಬ್ಬಿಕೊಂಡೆ. ಹೊರಗೆ ಹುಲಿಗೆಮ್ಮನಿಗೆ ಗಂಟೆ ಕೇಳಿತು, ಏನಾಯಿತೆಂದು ಹೊಳೆಯಿತು, ನಗು ಒತ್ತರಿಸಿ ಬಂತು. ನಕ್ಕರೆ ಕೈ ಅಲುಗುತ್ತದೆ. ಕೈ ಅಲುಗಿದರೆ ಚುಕ್ಕೆ ಕುಣಿಯುತ್ತದೆ. ಚುಕ್ಕೆ ದೇವರ ಮೂಗಿಗೆ ಬಂತು, ಗಲ್ಲಕ್ಕೆ ಬಂತು, ಹೂವಿನೊಳಗೆ ಹೊಕ್ಕಿತು, ಅಷ್ಟರಲ್ಲಿ ಪ್ರಸಾದ ಕೊಡಲು ಬಾಗಿಲ ಕಡೆ ತಿರುಗಿದ ಅವ್ವಾರ ಹಣೆಯ ಮೇಲೆ ನಿಂತಿತು.

ಮುಂದಿನದನ್ನು ಐಶ್ವರ್ಯ ಆಮೇಲೆ ಹೇಳಿದಳು. ಅವ್ವಾರ ಗಂಡ ತೀರಿ ಮೂವತ್ತು ವರ್ಷವಾಗಿದೆ. ಹಿತ್ತಾಳೆ ತಟ್ಟೆಯಲ್ಲಿ ಅವರು ತಮ್ಮ ಮುಖ ಕಂಡರು. ಬೋಳು ಹಣೆಯಲ್ಲಿ ಕೆಂಪು ಚುಕ್ಕೆ. ಮುಖ ತಿರುಗಿಸಲಿಲ್ಲ. ನೋಡುತ್ತಲೇ ನಿಂತರು. "ಛಲೋ ಕಾಣತಿದ್ರು ಲೇ" ಎಂದಳು ಐಶ್ವರ್ಯ. ಆಮೇಲೆ ಅವ್ವಾರು ನಿಧಾನಕ್ಕೆ ಆ ಬೆಳಕಿನ ಗೆರೆಯನ್ನು ಹಿಂಬಾಲಿಸಿ ಕಣ್ಣು ಎತ್ತಿದರು. ಬಾಗಿಲು, ಬಾಗಿಲು, ಬಾಗಿಲು. ಕೊನೆಗೆ ಓಣಿ. ಓಣಿಯಲ್ಲಿ ಕಳಕಮ್ಮನ ಮೊಮ್ಮಗಳು.

ಅವರು ಕಿರುಚಿದ್ದು ಊರಿಗೆಲ್ಲ ಕೇಳಿತು.

ಹುಲಿಗೆಮ್ಮ ಮಾತ್ರ ಯಂತ್ರದ ಪರದೆ ನೋಡುತ್ತಿದ್ದಳು. ನಾನು ಓಡಿ ಹೊರಗೆ ಬಂದಾಗ ಅದನ್ನು ನನ್ನ ಮುಖಕ್ಕೆ ಹಿಡಿದಳು. ಹತ್ತೊಂಬತ್ತು ಮೀಟರು ಚಿಲ್ಲರೆ.

"ಇಷ್ಟ ಐತೇನ?" ಎಂದಳು. "ಏ ಸಬೀನಾ, ಇಷ್ಟ ಐತೇನ ಲೇ ಇದು? ನಾ ಭಾಳ ದೂರ ಅನ್ಕೊಂಡಿದ್ದೆ!"

ನಕ್ಕಳು. ಗಿಡ್ಡ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು.

ಆ ನಗು ನಿಂತದ್ದು ಕಳಕಮ್ಮನನ್ನು ಕರೆಸಿದಾಗ. ಕಟ್ಟೆ, ಹೊಸ್ತಿಲ ಮುಂದಿನ ಜಾಗ, ಎದುರಿನ ಓಣಿ ಎಲ್ಲ ಸಾರಿಸಿ ಶುದ್ಧ ಮಾಡಬೇಕೆಂದು ದೇಸಾಯರ ಅಪ್ಪಣೆ. ಮೊಮ್ಮಗಳು ನಿಂತ ಜಾಗ ಮೈಲಿಗೆ, ಅದನ್ನು ತೆಗೆಯುವ ಕೈ ಅಜ್ಜಿಯದು. ಈ ಗಣಿತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಮುದುಕಿ ಎರಡೂ ಮೊಣಕಾಲೂರಿ ಸಗಣಿ ಎಳೆದಳು. ಸೊಂಟ ಏಳಲಿಲ್ಲ. ಹಾಗೆಯೇ ತೆವಳಿದಳು. ಹೊಸ್ತಿಲ ಹೊರಗಿನ ಅಂಚಿಗೆ ಬಂದು ಕೈ ತಾನೇ ನಿಂತಿತು. ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ಹುಲಿಗೆಮ್ಮ ಬುಟ್ಟಿ ಕಸಿಯಲು ಹೋದಳು.

"ದೂರ ಸರಿ" ಎಂದಳು ಕಳಕಮ್ಮ. "ನಿನ್ನ ಕೈಯಾಗ ಪೆನ್ಸಿಲ್ ಐತಿ. ಅದಕ್ಕ ಸಗಣಿ ಹತ್ತಬಾರದು. ಹೋಗು, ನಿನ್ನ ಕಾಗದ ಮುಗಿಸು."

ವಾಡೆಯ ಓಣಿಗೇ ಕಾಲಿಡಬಾರದೆಂದು ಹುಲಿಗೆಮ್ಮನಿಗೆ ಹುಕುಂ ಆಯಿತು. ಐಶ್ವರ್ಯ, ನಾನು ಉಳಿದದ್ದನ್ನು ಅಳೆದೆವು. ಪಡಸಾಲಿಯ ಆಚೆಯದನ್ನು ಅವಳು ಕೂಗಿದಳು, ನಾನು ಬರೆದುಕೊಂಡೆ.

ಕಾಲೇಜಿನಲ್ಲಿ ಗೋವಿಂದರಾಜ ಸರ್ ಎಲ್ಲ ಕೇಳಿಕೊಂಡರು. ಕನ್ನಡಕ ಒರೆಸಿದರು. "ಸೂಕ್ಷ್ಮ ವಿಚಾರ" ಎಂದರು. ಮತ್ತೆ ಒರೆಸಿದರು. "ಒಂದು ಕೆಲಸ ಮಾಡು. ಒಳಗಿನ ಭಾಗ ಐಶ್ವರ್ಯಾಳ ಶೀಟು ನೋಡಿ ಬರೆದುಬಿಡು."

ಇದೇ ಸರ್ ಹೋದ ವರ್ಷ ಕಾಪಿ ಮಾಡಿದವನ ಶೀಟನ್ನು ಕಿಟಕಿಯಿಂದ ಎಸೆದಿದ್ದರು.

"ನಾ ನೋಡಿಲ್ರಿ ಸರ" ಎಂದಳು ಹುಲಿಗೆಮ್ಮ.

"ನೋಡಬೇಕಂತಿಲ್ಲ. ಬರೀಬೇಕು ಅಷ್ಟೇ."

"ನೀವ ಹೇಳೀರಲ್ರಿ, ಇದ್ದಂಗ ಬರೀರಿ ಅಂತ. ನನಗ ಎಷ್ಟು ಐತೋ ಅಷ್ಟ ಬರೀತೀನಿ."

"ಖಾಲಿ ಬಿಟ್ಟರೆ ಫೇಲಾಗ್ತೀ."

"ಬರೀ ಅಂದ್ರ ಬರಿಯಂಗಿಲ್ರಿ."

ಸರ್ ಮುಖ ಕೆಂಪಾಯಿತು. ಹುಲಿಗೆಮ್ಮ ಶೀಟು ಸುತ್ತಿಕೊಂಡು ಹೊರಬಂದಳು.

ಅವಳು ಬರೆದಳು. ಓಣಿ ಬರೆದಳು, ಚರಂಡಿ ಬರೆದಳು. ಗಿಡ್ಡ ಕಟ್ಟೆಯ ಒಂದೊಂದು ಕಲ್ಲು ಬರೆದಳು, ಕೂತು ಕೂತು ತಗ್ಗಾದ ಜಾಗಕ್ಕೆ ನೆರಳು ಕೊಟ್ಟಳು. ಮಾಡ ಬರೆದಳು, ಲೋಟ ಬರೆದಳು, ಲೋಟದ ನೆಗ್ಗು ಬರೆದಳು. ಹೊಸ್ತಿಲು ಬಂತು. ಅಲ್ಲಿಗೆ ಪೆನ್ಸಿಲ್ ನಿಂತಿತು. ಆಚೆಗೆಲ್ಲ ಬಿಳಿ. ಶೀಟಿನ ಮುಕ್ಕಾಲು ಭಾಗ ಬಿಳಿ. ಆ ಬಿಳಿಯ ನಡುವೆ ಒಂದೇ ಒಂದು ಕೆಂಪು ಗೆರೆ, ನೇರವಾಗಿ, ಹತ್ತೊಂಬತ್ತು ಮೀಟರು ಚಿಲ್ಲರೆ. ಒಳಗೆ ಅವಳು ಅಳೆದದ್ದು ಅದೊಂದನ್ನೇ.

ಇಡೀ ಕ್ಲಾಸಿನ ಜ್ಯೂರಿಯನ್ನು, ಅಂದರೆ ಶೀಟುಗಳ ಪರೀಕ್ಷೆಯನ್ನು, ವಾಡೆಯಲ್ಲೇ ಇಟ್ಟರು. ದೇಸಾಯರ ಖುಷಿಗೆ. ಪಡಸಾಲಿಯ ಗೋಡೆಗೆಲ್ಲ ನಮ್ಮ ಶೀಟುಗಳು, ತಟ್ಟೆಗಳಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ಹೊರಗಿನ ಪರೀಕ್ಷಕಿಯಾಗಿ ಧಾರವಾಡದಿಂದ ಒಬ್ಬ ಮೇಡಂ ಬಂದಿದ್ದರು. ಕತ್ತರಿಸಿದ ಬಿಳಿ ಕೂದಲು, ಕಾಲಲ್ಲಿ ಬೂಟು, ಮಿರ್ಚಿ ತಿನ್ನುವುದರಲ್ಲಿ ನಿಪುಣೆ. ಹುಲಿಗೆಮ್ಮನ ಶೀಟನ್ನು ನಾನೇ ಗೋಡೆಗೆ ಚುಚ್ಚಿದೆ. ಕಾಗದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ.

ಮೇಡಂ ಅದರ ಮುಂದೆ ನಿಂತರು. ಅಗಿಯುವುದು ನಿಲ್ಲಿಸಿದರು.

"ಇದು ಯಾರದು?"

"ಹುಲಿಗೆಮ್ಮ ಅಂತ. ನಾನೇ ವಿವರಿಸ್ತೀನಿ ಮೇಡಂ" ಎಂದರು ಗೋವಿಂದರಾಜ ಸರ್.

"ನೀವ್ಯಾಕ? ಹುಡುಗಿ ಎಲ್ಲಿ?"

ಪಡಸಾಲಿಯಲ್ಲಿದ್ದವರೆಲ್ಲ ತಲೆಯೆತ್ತಿ ಮಾಳಿಗೆಯ ತೊಲೆಗಳ ಕೆತ್ತನೆ ನೋಡತೊಡಗಿದರು. ಪರಂಪರೆಯ ಮೇಲೆ ಒಮ್ಮೆಲೇ ಅಷ್ಟು ಜನರಿಗೆ ಅಷ್ಟು ಪ್ರೀತಿ ಹುಟ್ಟಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

"ಇಲ್ಲಿ ಅದೀನ್ರಿ ಮೇಡಂ!" ಓಣಿಯಿಂದ ದನಿ ಬಂತು. "ಬರ್ರಿ, ಎಲ್ಲಿ ನಿಂತು ಅಳದೆ ಅಲ್ಲಿಂದನ ಹೇಳ್ತೀನಿ!"

ಮೇಡಂ ಇಳಿದು ಹೋದರು. ಶೀಟು ಕಿತ್ತುಕೊಂಡು ನಾನು ಹಿಂದೆ. ನನ್ನ ಹಿಂದೆ ಇಡೀ ಕ್ಲಾಸು. ಹುಕುಂ ಮುರಿದು ಹುಲಿಗೆಮ್ಮ ಓಣಿಯ ನಡುವೆಯೇ ನಿಂತಿದ್ದಳು. ಅವಳ ಕೇರಿಯ ಜನ ಆಗಲೇ ಸೇರಿದ್ದರು, ಕಳಕಮ್ಮ ಬುಟ್ಟಿ ಸಮೇತ. ದೇಸಾಯರು ತಟ್ಟೆ ಹಿಡಿದು ಓಡಿ ಬಂದರು. ಗೋವಿಂದರಾಜ ಸರ್ ಹೊಸ್ತಿಲ ಮೇಲೆ ನಿಂತರು, ಒಂದು ಕಾಲು ಒಳಗೆ, ಒಂದು ಹೊರಗೆ.

"ಹೇಳವಾ" ಎಂದು ಮೇಡಂ ಗಿಡ್ಡ ಕಟ್ಟೆಯ ಮೇಲೆ ಕೂರಲು ಬಗ್ಗಿದರು.

"ಅಲ್ಲಿ ಬ್ಯಾಡ್ರಿ ಮೇಡಂ!" ದೇಸಾಯರ ಕೈಯ ಮಿರ್ಚಿ ಜಾರಿತು.

"ಯಾಕ್ರಿ? ಸ್ವಾಗತ ಅಂತ ಬರಸೀರಿ?"

"ಧೂಳ ಐತ್ರಿ."

"ಝಾಡಿಸಿಕೊಂಡ್ರಾತು."

"ಇರಿವಿ ಅದಾವ್ರಿ. ಬಿಸಲಿಗೆ ಕಲ್ಲು ಕಾದೇತ್ರಿ. ಈ ಕಡಿ ಎತ್ತರ ಕಟ್ಟಿಗೆ ಬರ್ರಿ, ತಂಪೈತಿ."

"ಎರಡೂ ಒಂದ ಬಿಸಲಾಗ ಅದಾವಲ್ರಿ."

ದೇಸಾಯರು ಬೋರ್ಡು ನೋಡಿದರು. ಬೋರ್ಡಿನಲ್ಲಿ ಬಚಾವಾಗುವ ದಾರಿ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವ್ವಾರು, ಮಗನ ಒದ್ದಾಟ ತಾಳಲಾರದೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಅದು ಹೊಲೆಮಾದಿಗರು ಕುಂದ್ರೂ ಕಟ್ಟಿ ಅಂತ ಹೇಳಲೇ ಪ್ರಭೂ. ಹೇಳಾಕ ಏನಾಗೇತಿ ನಿನಗ?"

ನಕ್ಷೆಯಲ್ಲಿ ಹುಲಿಗೆಮ್ಮ ಬರೆದಿದ್ದನ್ನು ವಾಡೆಯ ಯಜಮಾನಿಯೇ ಓದಿ ಹೇಳಿದ್ದರು. ಮೇಡಂ ಕೂತರು. ಮೊಣಕಾಲು ಎದೆಗೆ ಬಂತು. "ಭಾಳ ಗಿಡ್ಡ ಐತಲ್ಲವಾ ಇದು" ಎಂದರು.

"ಅದಕ್ಕ ಮಾಡ್ಯಾರ್ರಿ" ಎಂದಳು ಹುಲಿಗೆಮ್ಮ. "ಕುಂತವರು ಏಳೂವಾಗ ಎರಡೂ ಕೈ ಊರಿ ಏಳಬೇಕ್ರಿ. ಎದುರಿನವರಿಗೆ ನಮಸ್ಕಾರ ಮಾಡಿದಂಗ ಕಾಣ್ತೈತಿ."

"ಮತ್ತ ನಿನ್ನ ವಿನ್ಯಾಸ?"

ಹುಲಿಗೆಮ್ಮ ಕಂಕುಳಲ್ಲಿದ್ದ ಇನ್ನೊಂದು ಶೀಟು ಬಿಚ್ಚಿದಳು.

"ಒಳಗ ನನಗ ಗೊತ್ತಿದ್ದದ್ದು ಈ ಕೆಂಪು ಗೆರಿ ಒಂದ ರೀ. ಅದರ ಮ್ಯಾಲೆ ಕಟ್ಟೀನಿ. ಇಲ್ಲಿಂದ ದೇವರ ಮನಿ ಮಟ ಓಣಿ. ಮೆಟ್ಟಲ ಎಲ್ಲಾ ಕಡದು, ಈ ಓಣಿ ನೆಲಾನ ಸೀದಾ ಒಳಗ ಒಯ್ದೀನಿ. ಯಾರೂ ಹತ್ತಂಗಿಲ್ಲ, ಯಾರೂ ಇಳಿಯಂಗಿಲ್ಲ."

"ನಮ್ಮ ಮನಿ ಕಡದು ಓಣಿ ಮಾಡ್ತೀಯೇನ?" ದೇಸಾಯರು ಕೂಗಿದರು.

"ಕಾಗದದ ಮ್ಯಾಲೆ ರೀ ದೇಸಾಯರ" ಎಂದಳು ಕಳಕಮ್ಮ, ಸಮಾಧಾನ ಹೇಳುವ ದನಿಯಲ್ಲಿ. "ಇನ್ನಾ ಕಾಗದದ ಮ್ಯಾಲೆ ಅಷ್ಟ."

ಕೇರಿಯ ಹೆಂಗಸರು ಮೊದಲು ನಕ್ಕರು. ಆಮೇಲೆ ನಮ್ಮ ಕ್ಲಾಸು. ಮೇಡಂ ಕೂಡ ಕಟ್ಟೆಯ ಮೇಲೆ ಮುದುಡಿ ಕೂತಲ್ಲೇ ನಕ್ಕರು. ದೇಸಾಯರು ಊರಿನ ಮುಂದೆ, ಧಾರವಾಡದವರ ಮುಂದೆ ಮಾನ ಹೋಗುತ್ತಿರುವುದನ್ನು ಕಂಡು ದೊಡ್ಡ ಮನಸ್ಸು ಮಾಡಿದರು.

"ಆತು ಬಾರವಾ. ಬಾ ಒಳಗ. ನಾ ಹೇಳಾಕತ್ತೀನಿ. ಇವತ್ತೊಂದಿನ ಬಂದು ಏನ ಅಳೀಬೇಕೋ ಅಳಕೊಂಡು ಹೋಗು. ಆಮ್ಯಾಲೆ ನಾವು ಏನ ಮಾಡಬೇಕೋ ಮಾಡ್ಕೊಂತೀವಿ."

ಗೋವಿಂದರಾಜ ಸರ್ ಹೊಸ್ತಿಲಿಂದ ಕಣ್ಣಲ್ಲೇ ಸನ್ನೆ ಮಾಡಿದರು: ಹೋಗು, ಹೋಗು. ಹೋದರೆ ಪಾಸು. ಐಶ್ವರ್ಯ ಲೇಸರ್ ಯಂತ್ರವನ್ನು ಅವಳ ಕಡೆ ಚಾಚಿದಳು. ಬಾಗಿಲು ಪೂರ್ತಿ ತೆರೆದಿತ್ತು. ನಾಲ್ಕು ವರ್ಷದ ಓದು, ಹಾಸ್ಟೆಲ್ಲಿನ ಸೀಟು, ಎಲ್ಲವೂ ಆ ಹೊಸ್ತಿಲ ಆಚೆ ಇತ್ತು. ಹುಲಿಗೆಮ್ಮ ಕಳಕಮ್ಮನ ಕಡೆ ನೋಡಿದಳು. ಕಳಕಮ್ಮ ಬುಟ್ಟಿಯನ್ನು ತಲೆಯಿಂದ ಇಳಿಸಿ ನೆಲಕ್ಕಿಟ್ಟಳು.

"ನಾ ಹೋದ ಮ್ಯಾಲೆ ಯಾರು ಸಾರಸಬೇಕ್ರಿ?" ಹುಲಿಗೆಮ್ಮ ಕೇಳಿದಳು.

ದೇಸಾಯರ ಕಣ್ಣು ಕಳಕಮ್ಮನ ಬುಟ್ಟಿಯ ಕಡೆ ಹೋಯಿತು.

"ಬರಂಗಿಲ್ರಿ" ಎಂದಳು ಹುಲಿಗೆಮ್ಮ. "ಇವತ್ತೊಂದಿನದ ಬಾಗಲಾ ನಕ್ಷೆದಾಗ ಬರಂಗಿಲ್ಲ."

ಓಣಿಯಲ್ಲಿ ಯಾರೋ ಸೀಟಿ ಹೊಡೆದರು. ನಾನು ಕಾರಣವಿಲ್ಲದೆ ಐಶ್ವರ್ಯಾಳನ್ನು ತಬ್ಬಿಕೊಂಡೆ, ಅವಳು ಅಳುತ್ತಲೂ ನಗುತ್ತಲೂ ಮಿರ್ಚಿ ತಿನ್ನುತ್ತಿದ್ದಳು.

ಮೇಡಂ ಎರಡೂ ಕೈ ಊರಿ ಕಟ್ಟೆಯಿಂದ ಎದ್ದರು. ಶೀಟನ್ನು ಮತ್ತೊಮ್ಮೆ ನೋಡಿದರು. "ಸುಳ್ಳಿಲ್ಲ ಇದರಾಗ" ಎಂದರು. "ಆದ್ರ ನಿಯಮ ನಿಯಮನವಾ. ಒಂದು ಮನಿ ಪೂರ್ತಿ ಅಳದು 'ಇದ್ದಂಗ ಐತಿ' ಅಂತ ಗೈಡ್ ಸಹಿ ಹಾಕಿಸಿ ತಾ, ಪಾಸ್ ಮಾಡ್ತೀನಿ. ಇದ ಮನಿ ಆಗಬೇಕಂತಿಲ್ಲ. ನೀ ಎಲ್ಲಾ ಕೋಲ್ಯಾಗೂ ಹೋಗಬಹುದಾದ ಮನಿ ಇದ್ರ ಸಾಕು."

"ಈ ಊರಾಗ ಅಂಥಾದ್ದು ಒಂದ ಐತ್ರಿ" ಎಂದಳು ಹುಲಿಗೆಮ್ಮ.

ಮುಂದಿನ ವಾರ ಇಡೀ ಕ್ಲಾಸು ಕಳಕಮ್ಮನ ಮನೆಗೆ ನುಗ್ಗಿತು. ಒಂದೇ ಅಂಕಣದ ಮನೆ. ಟೇಪು ಬಿಚ್ಚುವ ಮೊದಲೇ ಗೋಡೆ ಬರುತ್ತದೆ. ಒಳಗೆ ನಾಲ್ವರು ಹಿಡಿದರೆ ಐದನೆಯವರು ಒಲೆಯ ಮೇಲೆ ಕೂರಬೇಕು. ನಾವು ಹತ್ತು ಮಂದಿ ಹೊಕ್ಕಿದ್ದೆವು. ಐಶ್ವರ್ಯ ಕೋಳಿಬುಟ್ಟಿಯ ಎತ್ತರ ಅಳೆದಳು, ಕೋಳಿ ಅವಳನ್ನು ಕುಕ್ಕಿತು. "ನನ್ನ ಮನಿ ಅಳದು ಯಾವ ರಾಜಗ ಮಾರ್ತೀರಬೇ?" ಎಂದು ಕಳಕಮ್ಮ ಎಲ್ಲರಿಗೂ ಬೆಲ್ಲ, ಶೇಂಗಾ ಹಂಚಿದಳು. ದೇವರ ಮುಂದೆ ಕಾಲು ಚಾಚಿ ಕೂತು ನಾನು ಶೇಂಗಾ ಸುಲಿದೆ. ಅಲ್ಲಿ ದೇವರಿಗೂ ನನಗೂ ನಡುವೆ ಒಂದು ಚೊಂಬು ಮಾತ್ರ ಇತ್ತು.

ಈ ಸಲ ಗೋವಿಂದರಾಜ ಸರ್ ಒಂದು ಷರತ್ತು ಹಾಕಿದ್ದರು. ಹೋದ ಸಲದ ಶೀಟಿನಲ್ಲಿ ಜೀವವಿರಲಿಲ್ಲ, ಮನೆಯಲ್ಲಿ ಯಾರು ಎಲ್ಲಿರುತ್ತಾರೋ ಅಲ್ಲಿಯೇ ಮನುಷ್ಯರನ್ನೂ ಬರೆಯಬೇಕು ಎಂದು. ಹುಲಿಗೆಮ್ಮ ಬರೆದಿದ್ದಳು. ಒಲೆಯ ಮುಂದೆ ಕಳಕಮ್ಮ, ಕೋಳಿಬುಟ್ಟಿಯ ಪಕ್ಕ ಐಶ್ವರ್ಯ, ಶೇಂಗಾದ ಜೊತೆ ನಾನು. ಉಳಿದದ್ದು ಸಹಿ.

ಸರ್ ಬಂದರು. ಕಾರು ಕೇರಿಯ ಆಚೆಯೇ ನಿಂತಿತು. ಜುಬ್ಬಾ ಎತ್ತಿ ಹಿಡಿದು, ಚರಂಡಿ ದಾಟಿ, ಬಾಗಿಲ ತನಕ ಬಂದು ನಿಂತರು. ಬಾಗಿಲು ತಗ್ಗು. ಒಳಗೆ ಬರಬೇಕಾದರೆ ತಲೆ ಬಗ್ಗಿಸಬೇಕು.

"ಬರ್ರಿ ಸರ, ಕುಂದರ್ರಿ" ಎಂದು ಕಳಕಮ್ಮ ಚಾಪೆ ಕೊಡವಿ ಹಾಸಿದಳು. ಚೊಂಬಿನಲ್ಲಿ ನೀರು ತುಂಬಿ ಚಾಪೆಯ ಮುಂದೆ ಇಟ್ಟಳು.

ಸರ್ ಚೊಂಬು ನೋಡಿದರು. ಚಾಪೆ ನೋಡಿದರು. "ಇರಲಿ, ಇರಲಿ. ಇಲ್ಲಿಂದಲೇ ಎಲ್ಲಾ ಕಾಣ್ತದೆ. ಶೀಟು ಇಲ್ಲಿಗೇ ಕೊಡು, ಸಹಿ ಹಾಕ್ತೀನಿ" ಎಂದರು.

ಹತ್ತು ಜನ ಬಾಯಿ ಮುಚ್ಚಿಕೊಂಡೆವು. ಯಾರೋ ಹಿಂದೆ ಮೂಗಿನಿಂದ ನಕ್ಕುಬಿಟ್ಟರು.

ಹುಲಿಗೆಮ್ಮ ಶೀಟನ್ನು ಮೊಣಕಾಲ ಮೇಲೆ ಹರವಿಕೊಂಡಳು. ಪೆನ್ಸಿಲ್ ಚೂಪು ಮಾಡಿದಳು, ತುದಿಯನ್ನು ಊದಿದಳು. ನಕ್ಷೆಯಲ್ಲಿ ಬಾಗಿಲ ಹೊರಗೆ, ಚರಂಡಿಯ ಈಚೆ, ಒಬ್ಬ ಮನುಷ್ಯ ನಿಲ್ಲುವಷ್ಟು ಖಾಲಿ ಜಾಗವಿತ್ತು. ಅಲ್ಲಿಗೆ ಪೆನ್ಸಿಲ್ ಊರಿ ತಲೆಯೆತ್ತಿದಳು.

"ಸರ, ಒಳಗ ಬರ್ತೀರೋ? ಇಲ್ಲಾ, ನಿಮ್ಮನ್ನ ಅಲ್ಲೇ ಬರೀಲ್ಯೋ?"